ಮೊಳೆ ಹೊಡೆಯದ ಗಿರಿಜಕ್ಕ

ಗಿರಿಜಕ್ಕ ತಾನು ಬಾಡಿಗೆಗಿದ್ದ ಯಾವ ಮನೆಯ ಗೋಡೆಗೂ ಒಂದು ಮೊಳೆ ಹೊಡೆದವರಲ್ಲ. ಗೋಡೆ ಧಣಿಗಳದ್ದು, ನೆಲ ಧಣಿಗಳದ್ದು, ನಡುವಿನ ಗಾಳಿ ಮಾತ್ರ ನಮ್ಮದು ಎಂಬುದು ಅವರ ನಂಬಿಕೆ. ಹಾಗಾಗಿ ಅವರ ಸಂಸಾರವೆಲ್ಲ ಗಾಳಿಯಲ್ಲೇ ತೂಗುತ್ತಿತ್ತು. ಮಾಡಿನ ಹಂಚು ಹೊತ್ತ ಪಕ್ಕಾಸಿನ ಮರಕ್ಕೆ ತೆಂಗಿನ ಹಗ್ಗ ಕಟ್ಟಿ, ಹಗ್ಗದ ನಡುವೆ ಚಾ ಪೆಟ್ಟಿಗೆಯ ಹಲಗೆ ತೂರಿಸಿ ಮಾಡಿದ ಕಪಾಟು. ಬಟ್ಟೆಗೆ ತೂಗುಬಿಟ್ಟ ಬಿದಿರ ಗಳ. ಅಡುಗೆಮನೆಗೂ ಮಲಗುವ ಜಾಗಕ್ಕೂ ನಡುವೆ ಹಳೆಯ ಸೀರೆಯ ಪರದೆ. ಬಿಚ್ಚಿದರೆ ಅರ್ಧ ದಿನದಲ್ಲಿ ಮನೆ ಖಾಲಿ, ಗೋಡೆಯಲ್ಲಿ ಒಂದು ಗುರುತು ಸಹ ಉಳಿಯುವುದಿಲ್ಲ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಮೂಡುಬಿದಿರೆಯವಳಾದ ನಾನು ಶಾಲೆಯ ಕೆಲಸ ಸಿಕ್ಕಿ ಅಮ್ಮನನ್ನು ಕರೆದುಕೊಂಡು ಬಂಟ್ವಾಳಕ್ಕೆ ಬಂದೆ. ಒಂದೇ ಹಂಚಿನ ಮನೆಯ ಅರ್ಧದಲ್ಲಿ ನಾವು, ಇನ್ನರ್ಧದಲ್ಲಿ ಗಿರಿಜಕ್ಕ ಮತ್ತು ಅವರ ಗಂಡ ಬಾಬಣ್ಣ. ಬಾಬಣ್ಣ ಬಸ್ಸಿನ ಏಜೆಂಟರ ಹತ್ತಿರ ಟಿಕೆಟು ಬರೆಯುವ ಕೆಲಸದಲ್ಲಿದ್ದರು. ಮಕ್ಕಳಿರಲಿಲ್ಲ. ಬಂದ ದಿನವೇ ನಾನು ಕ್ಯಾಲೆಂಡರು ತೂಗಿಸಲೆಂದು ಕಲ್ಲಿನಿಂದ ಮೊಳೆ ಹೊಡೆಯುತ್ತಿದ್ದೆ. ಎರಡನೇ ಪೆಟ್ಟಿಗೇ ಗಿರಿಜಕ್ಕ ಬಾಗಿಲಲ್ಲಿ ಹಾಜರು. ನನ್ನ ಕೈಯಿಂದ ಕಲ್ಲು ತೆಗೆದಿಟ್ಟು, ಒಂದು ಹುರಿ ತಂದು ಪಕ್ಕಾಸಿನಿಂದ ಇಳಿಸಿ ಕ್ಯಾಲೆಂಡರು ಕಟ್ಟಿಕೊಟ್ಟು ಹೋದರು. ಟೀಚರಾದವಳಿಗೆ ಮೊದಲ ದಿನವೇ ಪಾಠ. ನನಗೆ ಸಿಟ್ಟು ಬಂದಿತ್ತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ಅವರ ಮನೆಯಲ್ಲಿ ಪ್ರತಿಯೊಂದಕ್ಕೂ ಒಂದು ಜಾಗ. ಬೆಂಕಿಪೆಟ್ಟಿಗೆ, ಕತ್ತರಿ, ಬಾಬಣ್ಣನ ಕೊಡೆ, ಒಣಮೆಣಸಿನ ಡಬ್ಬ ಯಾವುದನ್ನೂ ಹುಡುಕುವ ಕೆಲಸವೇ ಇರಲಿಲ್ಲ. ತುಳುವಿನಲ್ಲಿ ಚುರುಕಾಗಿ ಮಾತಾಡುವವರು ನನ್ನ ಹತ್ತಿರ ಮಾತ್ರ, ಟೀಚರೆಂಬ ಮರ್ಯಾದೆಗೆ, ನಿಧಾನವಾಗಿ ಕನ್ನಡ ಆಡುತ್ತಿದ್ದರು. "ಎಲ್ಲಿಟ್ಟೆ ಅಂತ ನೆನಪು ಮಾಡುವುದು ಯಾಕೆ ಟೀಚರೇ? ಅದು ಅದರ ಜಾಗದಲ್ಲಿ ಉಂಟಾದರೆ ನೆನಪೇ ಬೇಡ." ಬಾಬಣ್ಣ ಹಿಂದಿನಿಂದ ತಮಾಷೆ ಮಾಡುತ್ತಿದ್ದರು, ಜಗಲಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂತರೆ ತನ್ನನ್ನೂ ಮಡಚಿ ಹಲಗೆ ಮೇಲಿಡುತ್ತಾಳೆ ಎಂದು.

ಇಷ್ಟು ಕಟ್ಟುನಿಟ್ಟಿಗೆ ಕಾರಣ ಇತ್ತು. ಹಿಂದೆ ಬೆಳ್ತಂಗಡಿಯಲ್ಲಿ ಬಾಡಿಗೆಗಿದ್ದಾಗ ಹೊಂಡಬಿದ್ದ ಮಣ್ಣಿನ ನೆಲವನ್ನು ಅವರು ಮಸಿ ಹಾಕಿ, ನುಣುಪು ಕಲ್ಲಿನಿಂದ ತಿಕ್ಕಿ ತಿಕ್ಕಿ ಮುಖ ಕಾಣುವ ಹಾಗೆ ಮಾಡಿದ್ದರಂತೆ. ನೋಡಲು ಬಂದ ಧಣಿಗೆ ನೆಲ ಎಷ್ಟು ಹಿಡಿಸಿತೆಂದರೆ, ಮಗಳಿಗೆ ಬೇಕೆಂದು ಮನೆ ಬಿಡಿಸಿದ. "ಮಾಡಿದ್ದನ್ನು ಹೊತ್ತುಕೊಂಡು ಹೋಗುವ ಹಾಗೆ ಇರಬೇಕು ಟೀಚರೇ," ಎಂದಿದ್ದರು ಗಿರಿಜಕ್ಕ. "ನೆಲವನ್ನು ಹೊತ್ತುಕೊಂಡು ಹೋಗ್ಲಿಕ್ಕೆ ಆಗ್ತದಾ?" ಬಂಟ್ವಾಳದ ಕತ್ತಲೆಯ ಅಡುಗೆಮನೆಗೆ ಬೀಡಿ ಕಟ್ಟಿದ ದುಡ್ಡಿನಿಂದ ಒಂದು ಗಾಜಿನ ಹಂಚು ತಂದು ಹಾಕಿಸಿದಾಗಲೂ ತೆಗೆದ ಹಳೆಯ ಹಂಚನ್ನು ಗೋಣಿಯಲ್ಲಿ ಸುತ್ತಿ ಜೋಪಾನ ಮಾಡಿದ್ದರು. ಹೋಗುವಾಗ ಧಣಿಗಳದ್ದು ಧಣಿಗಳಿಗೆ. ಇಂಥ ಒಕ್ಕಲು ಸಿಕ್ಕಿದ್ದು ತನ್ನ ಪುಣ್ಯ ಎಂದು ಪಕ್ಕದ ಹಿತ್ತಿಲಲ್ಲೇ ಇದ್ದ ನಮ್ಮ ಧಣಿಗಳು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಮೂರನೇ ವರ್ಷ ಬಾಬಣ್ಣನಿಗೆ ಕೆಮ್ಮು ಹಿಡಿಯಿತು. ಕ್ಷಯ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮೀರಿತ್ತು. ಗಿರಿಜಕ್ಕ ಅವರ ಬಟ್ಟಲು, ಲೋಟ, ಚಾಪೆಗಳಿಗೆ ಬೇರೆ ಹಲಗೆ ಕಟ್ಟಿದರು. ಕುದಿಸುವ ನೀರಿಗೆ ಬೇರೆ ಚೆಂಬು, ಕಫಕ್ಕೆ ಬೂದಿ ಹಾಕಿದ ಕರಟ, ಅದನ್ನು ಹೂಳಲು ಹಿತ್ತಿಲಿನ ಒಂದು ಮೂಲೆ. ದಿನವಿಡೀ ಆ ಕೆಮ್ಮಿನ ಸುತ್ತಲೇ ಅವರ ಅಚ್ಚುಕಟ್ಟು ತಿರುಗುತ್ತಿತ್ತು. ನನ್ನ ಅಮ್ಮ ಮನೆ ಬದಲಿಸುವ ಅಂದಳು. ನನಗೂ ಹೆದರಿಕೆಯೇ. ಬೇರೆ ಮನೆ ಸಿಗಲಿಲ್ಲ, ಅದಕ್ಕೆ ಉಳಿದೆವು.

ವೈದ್ಯರು ಇನ್ನು ಆಸೆ ಇಲ್ಲವೆಂದ ಮೇಲೆ ಧಣಿಗಳು ಬಂದರು. ಕ್ರೂರಿ ಮನುಷ್ಯರಲ್ಲ, ರೋಗಿಗೆ ಕುಡಿಯಲು ದಿನವೂ ಎಳನೀರಿನ ಬೊಂಡ ಕಳಿಸುತ್ತಿದ್ದವರು. ಆದರೆ ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ಆ ಮನೆಯನ್ನು ತಿಂಗಳುಗಟ್ಟಲೆ ಮುಚ್ಚಬೇಕು, ಆಮೇಲೂ ಅಲ್ಲಿಗೆ ಯಾರೂ ಬರುವುದಿಲ್ಲ. ಬಾಬಣ್ಣನನ್ನು ಬೆಳ್ತಂಗಡಿಯ ಆಚೆ ಅವರ ತಾಯಿಮನೆಗೆ ಸಾಗಿಸಿ ಎಂದು ಕೈಮುಗಿದರು. ಬಸ್ಸು ಪುಂಜಾಲಕಟ್ಟೆ ತಲುಪುವ ಮೊದಲೇ ಜೀವ ಹೋದೀತು, ದಾರಿಯಲ್ಲಿ ಸಾಯುವುದು ಬೇಡ ಎಂದು ಗಿರಿಜಕ್ಕ ಬೇಡಿಕೊಂಡರು. ಕೊನೆಗೆ ಒಂದು ಒಪ್ಪಂದವಾಯಿತು. ಹಿತ್ತಿಲಲ್ಲಿ ಒಂದು ಕೊಟ್ಟಿಗೆ ಕಟ್ಟಿಕೊಳ್ಳುವುದು, ಬಾಬಣ್ಣ ಅಲ್ಲಿರುವುದು. ಉಸಿರು ನಿಲ್ಲುವಾಗ ಅವರು ಧಣಿಗಳ ಮಾಡಿನ ಅಡಿಯಲ್ಲಿ ಇರಬಾರದು. ಗಿರಿಜಕ್ಕ ಮಾತು ಕೊಟ್ಟರು.

ಬಿದಿರು, ಹೆಣೆದ ತೆಂಗಿನ ಮಡಲು ಎಲ್ಲ ಧಣಿಗಳೇ ಕೊಟ್ಟರು. ಮನೆಯ ಗೋಡೆಗೆ ತಾಗದ ಹಾಗೆ ಗೇಣು ಜಾಗ ಬಿಟ್ಟು ಗಿರಿಜಕ್ಕ ತಾವೇ ನಿಂತು ಅದನ್ನು ಕಟ್ಟಿಸಿದರು. ಅದರ ಕಂಬಗಳಿಗೆ ಬೇಕುಬೇಕಾದಲ್ಲಿ ಮೊಳೆ ಹೊಡೆದರು, ಔಷಧಿಗೊಂದು, ಮೈ ಒರೆಸುವ ಬೈರಾಸಿಗೊಂದು, ದೀಪಕ್ಕೊಂದು. ನೋಡುತ್ತಾ ನಿಂತ ನನಗೆ, "ಇದು ನಮ್ಮದೇ ಅಲ್ವಾ," ಎಂದರು. ಆ ಪೆಟ್ಟುಗಳ ಸದ್ದು ನನಗೆ ಸಹಿಸಲಿಕ್ಕಾಗಲಿಲ್ಲ, ಒಳಗೆ ಹೋಗಿಬಿಟ್ಟೆ. ಬಾಬಣ್ಣ ಮಾತ್ರ ಇಲ್ಲಿ ಗಾಳಿ ಒಳ್ಳೆಯದುಂಟು ಎಂದು ಹೇಳಿಕೊಳ್ಳುತ್ತಿದ್ದರು, ಹೆಂಡತಿಗೆ ಕೇಳುವ ಹಾಗೆ.

ಬೇಸಿಗೆಯ ಕೋಲ, ಆಟಗಳಿಗೆಲ್ಲ ಕೊನೆಯ ದಿನವಾದ ಪತ್ತನಾಜೆ ಕಳೆಯಿತು. ಮರುವಾರ ಒಂದು ಮಧ್ಯಾಹ್ನ ಮೊದಲ ಮಳೆ ಗುಡುಗು ಸಮೇತ ಸುರಿಯಿತು. ಮಡಲು ಬೇಸಿಗೆಯ ನೆರಳಿಗೆ ಸಾಕಿತ್ತು, ಆ ಮಳೆಗೆ ಎಲ್ಲಿ ತಡೆದೀತು? ನಾನು ಓಡಿ ಹೋಗಿ ನೋಡಿದರೆ ಗಿರಿಜಕ್ಕ ಮಂಚದ ಮೇಲೆ ಬಗ್ಗಿ ಕೊಡೆ ಹಿಡಿದಿದ್ದರು. ಬಾಬಣ್ಣನ ಕಾಲಕಡೆ ಹೊದಿಕೆ ಒದ್ದೆಯಾಗಿತ್ತು. ಧಣಿಗಳು ಧರ್ಮಸ್ಥಳಕ್ಕೆ ಹೋಗಿದ್ದರು. ನಾನೂ ಅಮ್ಮನೂ ಹಿಡಿದುಕೊಳ್ಳುತ್ತೇವೆ, ಜಗಲಿಗಾದರೂ ತರುವ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

"ನನಗೆ ಗೊತ್ತಾಗ್ತದಲ್ಲ ಟೀಚರೇ. ಮಾತು ಕೊಟ್ಟಿದ್ದೇನೆ."

ಆಗ ಬಾಬಣ್ಣ ಕಣ್ಣು ತೆರೆದು, ತುಳುವಿನಲ್ಲಿ, ಮಕ್ಕಳು ಕೇಳುವ ಹಾಗೆ, "ಗಿರಿಜಾ, ಒಳಗೆ ಹೋಗುವ," ಎಂದರು. ಗಿರಿಜಕ್ಕ ಅವರ ಮುಖ ಒರೆಸಿ, ಈಗ ಮಳೆ ನಿಲ್ಲುತ್ತದೆ, ನಿಂತ ಮೇಲೆ ಹೋಗುವ ಎಂದರು. ಮಳೆ ನಿಲ್ಲಲಿಲ್ಲ. ಬಾಬಣ್ಣ ಮತ್ತೆ ಕೇಳಲಿಲ್ಲ. ಸಂಜೆಯೊಳಗೆ ಆ ಒದ್ದೆ ಮಂಚದ ಮೇಲೆಯೇ ಎಲ್ಲ ಮುಗಿಯಿತು.

ಮರುದಿನ ಪುರೋಹಿತರು ಪಂಚಾಂಗ ನೋಡಿ, ನಕ್ಷತ್ರ ಒಳ್ಳೆಯದೇ, ದೋಷವೇನೂ ಇಲ್ಲ ಎಂದರು. ಮನೆಯೊಳಗೆ ಸತ್ತಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ. ಧಣಿಗಳು ಎಲ್ಲರೆದುರು ಅತ್ತರು, ಬದುಕಿರುವವರೆಗೆ ಈ ಮನೆಯಲ್ಲೇ ಇರು, ಬಿಡು ಎಂದು ಯಾರೂ ಹೇಳುವುದಿಲ್ಲ ಎಂದರು. ಹದಿಮೂರರ ಕ್ರಿಯೆ ಮುಗಿದದ್ದೇ ಗಿರಿಜಕ್ಕ ಮನೆ ಬಿಟ್ಟರು. ಅವರ ಅರ್ಧಕ್ಕೆ ಹೋಗಿ ನೋಡಿದೆ. ಇಬ್ಬರು ಅಷ್ಟು ವರ್ಷ ಬಾಳಿದ ಗುರುತೇ ಅಲ್ಲಿರಲಿಲ್ಲ.

ನನಗೆ ಮೂಡುಬಿದಿರೆಗೇ ವರ್ಗವಾದ ಮೇಲೆ, ಅರವತ್ತರ ದಶಕದ ನಡುವೆ, ಅವರನ್ನು ಇನ್ನೊಮ್ಮೆ ಕಂಡೆ. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲಿನ ಹಿಂದೆ ತೆಂಗಿನಕಾಯಿ ತುರಿಯುತ್ತಿದ್ದರು. ರಾತ್ರಿ ಅಲ್ಲೇ ಅಡುಗೆಮನೆಯಲ್ಲಿ ಮಲಗುತ್ತಾರಂತೆ. ಬಾಡಿಗೆ ಮನೆ ಇನ್ನು ಬೇಡ ಎಂದರು. ಅಮ್ಮನ ಸುದ್ದಿ ಕೇಳಿದರು, ನನ್ನ ಶಾಲೆ ಕೇಳಿದರು. ನನ್ನ ಬಸ್ಸು ಬಂತು. ಹೊರಡುವಾಗ ನನ್ನ ಕೈ ಹಿಡಿದುಕೊಂಡರು.

"ಟೀಚರೇ, ಆ ದಿನ ಅವರು ಒಳಗೆ ಹೋಗುವ ಅಂದದ್ದು ನಿಮಗೆ ಕೇಳಿಸಿತ್ತಾ?"

ಕೇಳಿಸಿತ್ತು. ಈಗಲೂ ಕೇಳಿಸುತ್ತದೆ. ಆದರೆ ಆ ಮುಖ ನೋಡಿ ಹೌದೆನ್ನಲು ನನ್ನಿಂದಾಗಲಿಲ್ಲ. ಇಲ್ಲ ಅಕ್ಕ, ಮಳೆಯ ಸದ್ದಿನಲ್ಲಿ ನನಗೇನೂ ಕೇಳಿಸಲಿಲ್ಲ, ಅವರು ಏನೂ ಅಂದಿರಲಿಕ್ಕಿಲ್ಲ ಎಂದೆ.

ಗಿರಿಜಕ್ಕ ಕೈ ಬಿಟ್ಟರು.

"ಹಾಗಾದರೆ ಅದು ಕೇಳಿಸಿದ್ದು ನನಗೊಬ್ಬಳಿಗೇ," ಎಂದರು.