ನಾಲ್ಕನೇ ಗ್ಲಾಸಿನ ಮಾರ್ಕು

ನಮ್ಮತ್ತೆಯ ಕಣ್ಣಿಗೆ ಬೇಕಾದರೆ ಮಣ್ಣೆರಚಬಹುದು, ಮೂಗಿಗೆ ಮಾತ್ರ ಸಾಧ್ಯವೇ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ, "ಅತ್ತಿಗೆ, ಬೆಳಿಗ್ಗೆ ಹಾಲು ಉಕ್ಕಿಸಿದ್ರಾ?" ಎನ್ನುತ್ತಾಳೆ. ಅಮ್ಮ ಒಲೆ ಒರೆಸಿ ಎರಡು ಗಂಟೆಯಾಗಿರುತ್ತದೆ!

ಆ ಮೂಗೇ ಅವಳ ಅನ್ನ. ಇಪ್ಪತ್ತೆರಡು ವರ್ಷದಿಂದ ವೈನ್ ಕಾರ್ಖಾನೆಯಲ್ಲಿ ರುಚಿ ನೋಡಿ ಮಾರ್ಕು ಕೊಡುವ ಕೆಲಸ. ನಗಬೇಡಿ, ಅವಳು ಕುಡಿಯುವವಳಲ್ಲ. ಬಾಯಲ್ಲಿ ಆಡಿಸಿ ಸ್ಟೀಲ್ ಬೋಗುಣಿಗೆ ಉಗುಳಿಬಿಡುತ್ತಾಳೆ, ಒಂದು ಗುಟುಕೂ ಗಂಟಲಿಗಿಳಿಯಕೂಡದು. ಕೆಲಸದ ದಿನ ಸೆಂಟು, ಪೌಡರು, ಈರುಳ್ಳಿ ಯಾವುದೂ ಇಲ್ಲ. ನಮ್ಮ ಮನೆಗೆ ಬಂದರೂ ಅದೇ ಉಗುಳುವ ಚಾಳಿ. ಅಪ್ಪ ಸೀಸೆ ತೆರೆದರೆ ಅಮ್ಮ ತಾನಾಗಿಯೇ ಅವಳ ಮುಂದೆ ಒಂದು ಬೋಗುಣಿ ಇಡುತ್ತಿದ್ದಳು.

ನಮ್ಮಪ್ಪ ಅವಳ ಅಣ್ಣ, ದ್ರಾಕ್ಷಿ ಬೆಳೆಗಾರ. ಕಲ್ಲುದಿಬ್ಬದ ಮೇಲೆ ಶಿರಾಜ್ ಎಂಬ ವೈನ್ ದ್ರಾಕ್ಷಿಯ ಬಳ್ಳಿ ನೆಟ್ಟು ಮಕ್ಕಳ ಹಾಗೆ ಸಾಕಿದವ. ಮಕ್ಕಳಿಗಿಂತ ಒಂದು ಕೈ ಹೆಚ್ಚೇ ಎಂದು ಅಮ್ಮನ ದೂರು. ಅವನ ಹಣ್ಣು ವರ್ಷವೂ ಅತ್ತೆಯ ಕಾರ್ಖಾನೆಗೇ ಹೋಗಿ, ಹತ್ತಾರು ತೋಟದ ಹಣ್ಣಿನ ಜೊತೆ ಹೆಸರಿಲ್ಲದೆ ಸೇರಿಹೋಗುತ್ತಿತ್ತು. "ಸಾಯೋದ್ರೊಳಗೆ ಒಂದ್ಸಲ ನನ್ನ ದಿಬ್ಬದ ಹೆಸರು ಸೀಸೆ ಮೇಲೆ ನೋಡ್ಬೇಕು ಕಣೇ," ಎಂದು ತಂಗಿಯ ಹತ್ತಿರ ಅದೆಷ್ಟು ಸಲ ಹೇಳಿದ್ದನೋ.

ಆ ವರ್ಷ ಕಾರ್ಖಾನೆಯವರು ಒಂದೊಂದು ತೋಟದ ವೈನನ್ನೂ ಬೇರೆಬೇರೆ ಪೀಪಾಯಿಯಲ್ಲಿಟ್ಟರು. ಮೂವರು ರುಚಿ ನೋಡಬೇಕು. ಇಪ್ಪತ್ತಕ್ಕೆ ಸರಾಸರಿ ಹದಿನೇಳು ಬಂದ ತೋಟಕ್ಕೆ ಅದರದೇ ಹೆಸರಿನ ಸೀಸೆ. ಉಳಿದದ್ದೆಲ್ಲ ಮರುದಿನವೇ ದೊಡ್ಡ ಟ್ಯಾಂಕಿಗೆ, ಬೆರಕೆಗೆ.

ಗ್ಲಾಸುಗಳ ಮೇಲೆ ನಂಬರು ಬಿಟ್ಟು ಬೇರೇನೂ ಇರಲಿಲ್ಲ. ನಾಲ್ಕನೆಯದನ್ನು ಮೂಸಿದ್ದೇ ತಡ, ಅಣ್ಣನ ದಿಬ್ಬದ್ದೆಂದು ಅತ್ತೆಗೆ ಗೊತ್ತಾಗಿಹೋಯಿತು. ಕರಿಮೆಣಸು, ನೇರಳೆ, ಅದರ ಹಿಂದೆಯೇ ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದ ವಾಸನೆ. ಆ ದಿಬ್ಬದಲ್ಲಿ ಬರಿಗಾಲಲ್ಲಿ ಓಡಿ ಬೆಳೆದವಳು ಅವಳು. ಯಾರದೆಂದು ಗುರುತು ಸಿಕ್ಕ ಮೇಲೆ ಮಾರ್ಕು ಕೊಡುವಂತಿಲ್ಲ, ಆಗಲೇ ಎದ್ದು ಹೊರಗೆ ಬರಬೇಕಿತ್ತು. ಬರಲಿಲ್ಲ. "ಒಗರು ಹೆಚ್ಚು" ಎಂದು ಬರೆದು ಹದಿನಾಲ್ಕು ಕೊಟ್ಟಳು. ಸರಾಸರಿ ಹದಿನೇಳು ಮುಟ್ಟಲಿಲ್ಲ.

ಗ್ಲಾಸುಗಳಿಗೆ ತಟ್ಟೆ ಮುಚ್ಚಿಟ್ಟು ಸಂಜೆ ನಾಲ್ಕಕ್ಕೆ ಇನ್ನೊಮ್ಮೆ ನೋಡುವುದು ಅವಳ ಪದ್ಧತಿ. ನೋಡಿದಳು. ಒಗರು ಇತ್ತು, ಎಷ್ಟಿರಬೇಕೋ ಅಷ್ಟೇ. ಅಣ್ಣನದೆಂದು ಎಲ್ಲಿ ಹೆಚ್ಚು ಕೊಟ್ಟುಬಿಡುತ್ತೇನೋ ಎಂಬ ಭಯಕ್ಕೆ ಕೈ ಕಡಿಮೆ ಬರೆದಿತ್ತು. ಯಾರೋ ಹೊರಗಿನವರದಾಗಿದ್ದರೆ ಹದಿನೆಂಟು ಕೊಡುತ್ತಿದ್ದಳು! ನೆಟ್ಟಗೆ ಮ್ಯಾನೇಜರ್ ಹತ್ತಿರ ಹೋದಳು.

"ನನ್ನ ಮಾರ್ಕು ಹರಿದುಹಾಕಿ ಸರ್. ನಾಲ್ಕನೇದು ನಮ್ಮಣ್ಣನ ತೋಟದ್ದು ಅಂತ ಗೊತ್ತಾಗಿಬಿಟ್ಟಿತ್ತು. ಬೇರೆಯವರನ್ನ ಕೂರಿಸಿ."

"ಇಷ್ಟು ವರ್ಷದಲ್ಲಿ ನೀವು ಒಂದು ಮಾರ್ಕೂ ತಿದ್ದಿಲ್ವಲ್ಲಮ್ಮ!"

"ಈಗಲೂ ತಿದ್ದಲ್ಲ. ಎದ್ದು ಹೋಗ್ತೀನಿ."

ಮರುದಿನ ಟ್ಯಾಂಕಿನ ಪಂಪು ನಿಲ್ಲಿಸಿ, ಅವಳ ಜಾಗದಲ್ಲಿ ಇನ್ನೊಬ್ಬರನ್ನು ಕೂರಿಸಿದರು. ನಾಲ್ಕನೆಯದು ಪಾಸಾಯಿತು.

ಎರಡು ವರ್ಷ ಕಳೆದು ಸೀಸೆ ಮನೆಗೆ ಬಂದ ದಿನ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿಬ್ಬದ ಹೆಸರನ್ನು ಹೆಬ್ಬೆರಳಿನಿಂದ ಸವರಿ ಸವರಿ ನೋಡಿದ. "ಎಲ್ಲಾ ನನ್ನ ತಂಗಿ ದಯೆ!"

ಅತ್ತೆ ತಲೆ ಅಲ್ಲಾಡಿಸಿದಳು. "ಇಲ್ಲಣ್ಣಾ. ಇದನ್ನ ಮೊದಲು ಬೀಳಿಸಿದ್ದೇ ನಾನು," ಎಂದು ನಡೆದದ್ದನ್ನೆಲ್ಲ ಹೇಳಿದಳು.

ಅಪ್ಪ ಸೀಸೆಯನ್ನು ಮೇಜಿನ ಮೇಲಿಟ್ಟ. ನನಗಂತೂ ಸಿಟ್ಟು ನೆತ್ತಿಗೇರಿತ್ತು.

"ಎಷ್ಟು ಕೊಟ್ಟಿದ್ದೆ?" ಅಪ್ಪ ಕೇಳಿದ.

"ಹದಿನಾಲ್ಕು."

"ಹದಿನಾಲ್ಕಾ! ಶತ್ರುವೂ ಹದಿನೈದು ಕೊಡ್ತಿದ್ದ ಕಣೇ," ಎಂದವನೇ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳ ಗ್ಲಾಸಿಗೆ ಬಗ್ಗಿಸಿ, ಅಮ್ಮ ಇಟ್ಟಿದ್ದ ಬೋಗುಣಿಯನ್ನು ಎತ್ತಿ ತನ್ನ ಕುರ್ಚಿಯ ಕೆಳಗೆ ತಳ್ಳಿದ. "ಈಗ ಹೇಳು."

ಅತ್ತೆ ಮೂಸಿದಳು. ಬಾಯಲ್ಲಿ ಆಡಿಸಿದಳು. ಬೋಗುಣಿಗಾಗಿ ಕೈ ಮೇಜಿನ ಮೇಲೆಲ್ಲ ತಡಕಾಡಿತು. ಕೊನೆಗೆ ನುಂಗಿದಳು. ಕಣ್ಣು ತುಂಬಿ ಬಂದಿತ್ತು.

"ಎಷ್ಟು?"

"ಮಾರ್ಕು ಗೊತ್ತಾಗ್ತಿಲ್ಲ ಅಣ್ಣಾ," ಎಂದು ಗ್ಲಾಸನ್ನು ಮುಂದೆ ಚಾಚಿದಳು. "ಇನ್ನೊಂಚೂರು ಹಾಕು."