ಅರವತ್ತರ ಎಲೆಗೆ ತಿಥಿಯ ವಡೆ

ಆ ಅಡುಗೆಮನೆಯಲ್ಲಿ ಸೋರೆಕಾಯಿಯ ಸಿಪ್ಪೆ ಎಸೆಯುವಂತಿರಲಿಲ್ಲ, ಬಾಣಲೆ ಎಸೆಯಬಹುದಿತ್ತು. ಸಿಪ್ಪೆ ಚಟ್ನಿಯಾಗುತ್ತಿತ್ತು, ಬೀಜ ಹುರಿದು ಪುಡಿಯಾಗುತ್ತಿತ್ತು, ಬೇಯಿಸಿದ ನೀರು ಸಾರಾಗುತ್ತಿತ್ತು. ಬಾಣಲೆ ಮಾತ್ರ ನಮ್ಮಲ್ಲಿ ಯಾರಾದರೊಬ್ಬರ ಬೆನ್ನಿಗೋ ಮೊಣಕೈಗೋ ತಗುಲಿ ನೆಲಕ್ಕೆ ಬೀಳುತ್ತಿತ್ತು. ನಮ್ಮ ಶೆಫ್‌ಗೆ ಭೂಮಿತಾಯಿಯ ಮೇಲೆ ಅಪಾರ ಪ್ರೀತಿ; ಅವಳ ಮಕ್ಕಳ ಮೇಲೆ ಅಷ್ಟಿರಲಿಲ್ಲ.

ಹೋಟೆಲು ಇದ್ದದ್ದು ಸೋನಾರ್‌ಪುರದ ರಸ್ತೆಯಿಂದ ಒಳಗೆ, ಕೋಠಿ ಎನ್ನುವ ಒಂದು ಹಳೆಯ ಬಂಗಲೆಯ ಮಹಡಿಯಲ್ಲಿ. ಕೆಲವೇ ಮೇಜು. ಸಾರನಾಥದ ಕಡೆಯ ಸಣ್ಣ ತೋಟಗಳಿಂದ ಬೆಳಿಗ್ಗೆ ಏನು ಬಂತೋ ಅದೇ ಮಧ್ಯಾಹ್ನದ ಊಟ. ಋತುವಿಲ್ಲದ ತರಕಾರಿ ಒಳಗೆ ಬರುವಂತಿರಲಿಲ್ಲ. ಒಂದು ಕಾರ್ತಿಕದಲ್ಲಿ ತರಕಾರಿಯವನು ಶೀತಲಗೃಹದ ಬಟಾಣಿಯನ್ನು ಹೊಸದೆಂದು ಮೂಟೆಯೊಳಗೆ ಸೇರಿಸಿಬಿಟ್ಟ. ಶೆಫ್ ಅವನ ಮುಖಕ್ಕೆ ಮೂಲಂಗಿಯ ಕಟ್ಟಿನಿಂದಲೇ ಬಾರಿಸಿದರು. ಅವನು ತಕ್ಕಡಿಯ ಕಲ್ಲು ಬೀಸಿದ. ಶೆಫ್ ಅವರ ಹುಬ್ಬು ಒಡೆದು ರಕ್ತ ಬಟಾಣಿಯ ಮೇಲೆ ಸುರಿಯಿತು. ನಾನು ಎಂದಿನಂತೆ ಬೇರೆಯದನ್ನೇ ಯೋಚಿಸುತ್ತಿದ್ದೆ: ಈ ಬಟಾಣಿಯನ್ನು ಈಗ ತೊಳೆದು ಬಳಸುತ್ತೇವೋ, ಎಸೆಯುತ್ತೇವೋ?

ನಾನು ಅಲ್ಲಿಗೆ ಹೋದ ಕಥೆಯನ್ನೂ ಹೇಳಬೇಕು. ಹನುಮಾನ್ ಘಾಟಿನ ನಮ್ಮ ಮನೆಯಲ್ಲಿ ಅಣ್ಣನದು ಮಂತ್ರ, ನನ್ನದು ಒಲೆ. ಕರ್ನಾಟಕದಿಂದ ಬಂದ ಯಾತ್ರಿಕರಿಗೆ ಅವನು ಶ್ರಾದ್ಧ, ಶಾಂತಿ ಮಾಡಿಸುತ್ತಾನೆ. ನಾನು ಅಡುಗೆ ಮಾಡುತ್ತಿದ್ದೆ. ಹೆಚ್ಚಾಗಿ ತಿಥಿಯ ಅಡುಗೆ. ಹಳೆಯ ಊಟ ಹುಡುಕುತ್ತ ಶೆಫ್ ಒಂದು ದಿನ ನಮ್ಮ ಮನೆಗೆ ಬಂದರು. ಬ್ರಾಹ್ಮಣರ ಊಟವೆಲ್ಲ ಮುಗಿದ ಮೇಲೆ ಉಳಿದದ್ದನ್ನು ಬಡಿಸಿದೆ. ಕಣ್ಣು ಮುಚ್ಚಿ ತಿಂದರು.

“ಟೊಮ್ಯಾಟೊ ಇಲ್ಲ, ಆಲೂ ಇಲ್ಲ, ಗೋಭಿ ಇಲ್ಲ, ಮಿರ್ಚಿಯೂ ಇಲ್ಲ! ಬರೀ ಮೆಣಸು! ಈ ನಿಯಮ ಮಾಡಿದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರು.

“ಸತ್ತವರಿಗೆ ಹೊಸ ತರಕಾರಿ ಹಿಡಿಸುವುದಿಲ್ಲ” ಎಂದೆ.

ಅವರು ನನ್ನ ಕಾಲಿಗೆ ಬೀಳುವುದೊಂದು ಬಾಕಿ. ಹಡಗಿನಲ್ಲಿ ಬಂದ ತರಕಾರಿಗಳನ್ನು ಬಿಟ್ಟು ಈ ನೆಲದ್ದೇ ಬಾಳೆಕಾಯಿ, ಹಾಗಲಕಾಯಿ, ಗೋರಿಕಾಯಿ, ಸುವರ್ಣಗೆಡ್ಡೆ. ಅವರು ಪರದೇಶವೆಲ್ಲ ಸುತ್ತಿ ಹುಡುಕಿದ್ದು ನಮ್ಮ ಪಿತೃಗಳ ಎಲೆಯ ಮೇಲೆ ಸಿಕ್ಕಿತ್ತು.

ತಮ್ಮ ಹೋಟೆಲಿಗೆ ಅಡುಗೆಗೆ ಬನ್ನಿ ಎಂದು ಕರೆದರು. ಅಣ್ಣ ಒಪ್ಪಲಿಲ್ಲ. “ನೋಡೋ, ನಮ್ಮ ಮನೆ ತಿಥಿ ಅಡುಗೇನ ಹೋಟ್ಲಲ್ಲಿ ಮಾರ್ತಾರಂತೆ ಅಂತ ಒಬ್ಬ ಯಜಮಾನನ ಕಿವಿಗೆ ಬಿದ್ರೆ ಸಾಕು, ಊರಿಗೆ ಹೋಗಿ ಹತ್ತು ಮನೆಗೆ ಹೇಳ್ತಾನೆ. ಆಮೇಲೆ ಸ್ಟೇಷನ್ನಲ್ಲಿ ಇಳಿದೋರು ಸೀದಾ ಪಕ್ಕದ ಗಲ್ಲಿ ಭಟ್ರ ಮನೇಗೇ ಹೋಗ್ತಾರೆ. ನಾವು ಘಂಟೆ ಹೊಡ್ಕೊಂಡು ಕೂತ್ಕೋಬೇಕು, ತಿಳೀತಾ?”

ತಿಳಿಯಿತು. ಆದರೂ ಹೋದೆ. ಅದಕ್ಕೇ ಶೆಫ್ ಅವರಿಗೆ ಮೊದಲೇ ಹೇಳಿದ್ದೆ: ತರಕಾರಿ ಬಳಸಿ, ಮೆಣಸು ಬಳಸಿ, ಆದರೆ ಉದ್ದಿನ ವಡೆ, ಎಳ್ಳುಂಡೆ ಎರಡೂ ಎಲೆಗೆ ಬರಕೂಡದು. ಶುಭಕ್ಕೆ ಕಡಲೆಬೇಳೆಯ ಆಂಬೊಡೆ, ತಿಥಿಗೆ ವಡೆ. ನಮ್ಮ ಕಡೆಯ ಯಾವ ಹೆಂಗಸಾದರೂ ಅಷ್ಟರಲ್ಲೇ ಗುರುತು ಹಿಡಿಯುತ್ತಾಳೆ. ಶೆಫ್ ತಲೆಯಾಡಿಸಿದ್ದರು. ಅವರು ತಲೆಯಾಡಿಸಿದರೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆದರೂ ನನ್ನ ಚಿಂತೆಗಳು ಸಿಲಿಂಡರು ಸೋರುವುದು, ಛಾವಣಿಗೆ ಕೋತಿ ಬರುವುದು, ಗೆಡ್ಡೆ ತಿಂದವರ ಗಂಟಲು ತುರಿಸುವುದು ಇತ್ಯಾದಿಗಳಲ್ಲೇ ಹಂಚಿಹೋಗಿದ್ದವು.

ಬಟಾಣಿಯ ರಕ್ತಪಾತವಾದ ದಿನವೇ ಮಧ್ಯಾಹ್ನ ನಾನು ಹಿಂದಿನ ಕೋಣೆಯಲ್ಲಿ ಕೈಗೆ ಎಣ್ಣೆ ಸವರಿಕೊಂಡು ಗೆಡ್ಡೆ ಹೆಚ್ಚುತ್ತಿದ್ದೆ. ಎಳ್ಳು ಹುರಿದ ವಾಸನೆ ಬಂತು. ಹಿಂದೆಯೇ ಉದ್ದಿನ ಹಿಟ್ಟು ಎಣ್ಣೆಗೆ ಬಿದ್ದ ಸದ್ದು. ಎದ್ದು ಮುಂದಿನ ಒಲೆಗೆ ಓಡಿದೆ. ಹುಬ್ಬಿಗೆ ಪಟ್ಟಿ ಕಟ್ಟಿಕೊಂಡ ಶೆಫ್ ಎರಡನೆಯ ಸುತ್ತಿನ ವಡೆ ತೆಗೆಯುತ್ತಿದ್ದರು; ಮೊದಲಿನದು ಆಗಲೇ ಎಲೆಗೆ ಹೋಗಿತ್ತು.

“ಇವತ್ತು ನಿಮ್ಮವರು ಬಂದಿದ್ದಾರೆ, ಮಹಾರಾಜ್. ಕರ್ನಾಟಕದವರು” ಎಂದು ಉಬ್ಬಿ ಹೇಳಿದರು; ಆ ಊರಲ್ಲಿ ಅಡುಗೆಯವನನ್ನು ಕರೆಯುವುದೇ ಮಹಾರಾಜ್ ಎಂದು. “ನಿಮ್ಮವರಿಗೆ ನಿಮ್ಮ ಮನೆಯ ಪೂರ್ತಿ ಊಟ. ಆವತ್ತು ಏನೇನು ತಿಂದೆನೋ ಎಲ್ಲ ನೆನಪಿಟ್ಟುಕೊಂಡಿದ್ದೇನೆ.”

ಪರದೆ ಸರಿಸಿ ನೋಡಿದೆ. ಗಂಡ, ಹೆಂಡತಿ, ಬೆಳೆದ ಮಗ. ಗಂಡನ ಕೊರಳಲ್ಲಿ ಇನ್ನೂ ಹಾರವಿತ್ತು, ಹಣೆಯ ಮೇಲೆ ಹಸಿ ಕುಂಕುಮ. ಹೆಂಡತಿ ಹೇಳುತ್ತಿದ್ದಳು: “ಅರವತ್ತರ ಶಾಂತಿ ಗಂಗೆ ದಡದಲ್ಲೇ ಆಗ್ಬೇಕು ಅಂತಿದ್ರಿ, ಆಯ್ತಲ್ಲ. ಇನ್ನು ನೂರು ವರ್ಷ ಸುಮ್ಮನಿರಿ.” ಅವಳ ಕಣ್ಣು ಇನ್ನೂ ಗಂಡನ ಮುಖದ ಮೇಲಿತ್ತು, ಎಲೆಯ ಮೇಲಲ್ಲ. ಮಗ ಫೋನಿನಲ್ಲಿ ಅಪ್ಪನ ಚಿತ್ರ ತೆಗೆಯುತ್ತಿದ್ದ. ಅಪ್ಪ ನಗುತ್ತ ವಡೆಯನ್ನು ಮುರಿಯುತ್ತಿದ್ದರು.

ಇಂಥ ಹೊತ್ತಿನಲ್ಲಿ ಬುದ್ಧಿಯಿರುವವನು ಏನಾದರೂ ಹೇಳುತ್ತಾನೆ. ನಾನು ನುಗ್ಗಿ, ಆ ಅರವತ್ತರವರ ಕೈಕೆಳಗಿನ ಬಾಳೆಲೆಯನ್ನೇ ಎಳೆದುಬಿಟ್ಟೆ. ಉಣ್ಣುವವನ ಎಲೆ ಎಳೆಯುವುದು! ತಿಥಿ ಊಟ ಬಡಿಸಿದ್ದಕ್ಕಿಂತ ಅದು ಸಣ್ಣ ಅಶುಭವೇನಲ್ಲ. ಪಾಯಸ ಅವರ ರೇಷ್ಮೆಗೆ ಚೆಲ್ಲಿತು, ಅನ್ನ ನೆಲಕ್ಕೆ ಬಿತ್ತು.

ಮಗನ ಮುಷ್ಟಿ ನೇರ ನನ್ನ ಮೂಗಿಗೆ ಬಂತು. ಎರಡನೆಯದು ಕಿವಿಗೆ. ನಾನು ಮೇಜಿನ ಕಾಲು ಹಿಡಿದು ಕುಸಿದೆ. ಅವನು ಬೂಟುಗಾಲಿನಿಂದ ಪಕ್ಕೆಗೆ ಒದ್ದ. ಮೇಲಿಂದ ಅವನ ತಾಯಿಯ ಕಿರುಚಾಟ ಕೇಳಿತು. ನನ್ನನ್ನು ಕಂಡು ಅಲ್ಲ, ನೆಲದ ಮೇಲೆ ಹರಡಿದ್ದ ಊಟವನ್ನು ಕಂಡು.

“ಅಯ್ಯಯ್ಯೋ, ನೋಡೋ ಇಲ್ಲಿ! ಹಾಗಲಕಾಯಿ, ಗೋರಿಕಾಯಿ, ವಡೆ, ಎಳ್ಳುಂಡೆ… ಇದು ತಿಥಿ ಊಟ ಕಣೋ! ನಿಮ್ಮಪ್ಪನಿಗೆ ಬದುಕಿರೋವಾಗ್ಲೇ ತಿಥಿ ಇಟ್ಟಿದ್ದಾರೆ, ಪಾಪಿಗಳು!”

ಮಗನಿಗೆ ಹುಚ್ಚೇ ಹಿಡಿಯಿತು. ಗಾಜಿನ ಹೂಜಿ ಎತ್ತಿ ಗೋಡೆಗೆ ಅಪ್ಪಳಿಸಿದ. ಅಷ್ಟರಲ್ಲಿ ಶೆಫ್ ಓಡಿಬಂದರು. ಅವರಿಗೆ ಕಂಡದ್ದು ಇಷ್ಟೇ: ತನ್ನ ಅಡುಗೆಯವನನ್ನು ಯಾರೋ ಕೊಲ್ಲುತ್ತಿದ್ದಾನೆ. ಕೈಯಲ್ಲಿದ್ದ ಬಾಣಲೆಯನ್ನು ಬೀಸಿದರು. ಅದು ಮಗನ ಭುಜಕ್ಕೆ ಬಡಿದು, ಉಳಿದಿದ್ದ ಎಣ್ಣೆ ಅವನ ತೋಳಿಗೆ ಸಿಡಿಯಿತು. ಅವನು ಊಳಿಟ್ಟ. ನನ್ನ ಮೇಲೆ ಎಸೆಯುತ್ತಿದ್ದ ಬಾಣಲೆಯನ್ನು ಶೆಫ್ ನನಗಾಗಿ ಬೀಸಿದ್ದು ಅದೊಂದೇ ಸಲ. ಮಗ ಅವರ ಕೊರಳಪಟ್ಟಿ ಹಿಡಿದು ತಲೆಯನ್ನು ಕಂಬಕ್ಕೆ ಕುಟ್ಟಿದ. ಬೆಳಗಿನ ಹುಬ್ಬು ಮತ್ತೆ ಬಿಚ್ಚಿಕೊಂಡಿತು.

ಆಗ ಮೆಟ್ಟಿಲ ಮೇಲೆ ಅಣ್ಣ ಕಂಡ.

ಬೆಳಿಗ್ಗೆ ಆ ಶಾಂತಿ ಮಾಡಿಸಿದವನು ಅವನೇ. ಅವರು ಪ್ರಸಾದದ ಚೀಲವನ್ನು ಘಾಟಿನಲ್ಲೇ ಮರೆತಿದ್ದರಂತೆ. ಎಲ್ಲಿ ಉಣ್ಣುತ್ತಿದ್ದಾರೆಂದು ಫೋನಿನಲ್ಲಿ ಕೇಳಿಕೊಂಡು ಇ-ರಿಕ್ಷಾ ಹತ್ತಿ ಬಂದಿದ್ದ. ಅವನು ನೆಲದ ಮೇಲಿನ ವಡೆ ನೋಡಿದ, ನನ್ನನ್ನು ನೋಡಿದ. ಚೀಲವನ್ನು ಜೋಪಾನವಾಗಿ ಕುರ್ಚಿಯ ಮೇಲಿಟ್ಟ. ಅಂದಕ್ಕೆಂದು ಗೋಡೆಗೆ ತೂಗುಹಾಕಿದ್ದ ದೊಡ್ಡ ಹಿತ್ತಾಳೆ ಸೌಟನ್ನು ಕಿತ್ತುಕೊಂಡು ಬಂದ.

ಮೊದಲ ಏಟು ಬೆನ್ನಿಗೆ. ಎರಡನೆಯದಕ್ಕೆ ನಾನು ಬಲಗೈ ಅಡ್ಡ ಹಿಡಿದೆ. ಮಣಿಕಟ್ಟಿನಲ್ಲಿ ಒಣಕಡ್ಡಿ ಮುರಿದಂತೆ ಸದ್ದಾಯಿತು. ಅಣ್ಣನಿಗೂ ಕೇಳಿಸಿರಬೇಕು, ಆದರೂ ಇನ್ನೊಂದು ಹೊಡೆದ.

“ಸಾಕು, ಭಟ್ರೇ!” ಎಂದು ಅರವತ್ತರವರು ಅವನ ತೋಳು ಹಿಡಿದರು. ಹಿಡಿದವರು ಅವನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. ನಮ್ಮಿಬ್ಬರದು ಅಪ್ಪನ ಮೂಗು. ನನ್ನದು ಆಗ ಒಡೆದು ಬಾತಿತ್ತು, ಅಷ್ಟು ಪುಣ್ಯ. “ಈ ಅಡುಗೆ ನಮ್ಮ ಕಡೇದು. ಇವನು ಯಾರು? ನಿಮಗೆ ಗೊತ್ತೇ?”

ಅಣ್ಣ ಏದುಸಿರು ಬಿಡುತ್ತಿದ್ದ. ಸೌಟನ್ನು ಮೇಜಿನ ಮೇಲಿಟ್ಟ.

“ಗೊತ್ತಿಲ್ಲ” ಎಂದ. “ಯಾರೋ ಹೋಟ್ಲವನು. ನಮ್ಮೋರ ಅಡುಗೆ ಕದ್ದು ಕಲ್ತಿದ್ದಾನೆ.”

ಎಲ್ಲರೂ ನನ್ನತ್ತ ತಿರುಗಿದರು. ಕೈಯ ನೋವು ನೆತ್ತಿಗೇರಿ, ಬಾಯಿಗೆ ಬಂದದ್ದು “ಅಣ್ಣಾ” ಎಂಬುದೇ. ಅದನ್ನು ರಕ್ತದ ಜೊತೆ ನುಂಗಿದೆ.

“ಗಲ್ತೀ ಹೋ ಗಯೀ, ಪಂಡಿತ್‌ಜೀ” ಎಂದೆ. ತಪ್ಪಾಯಿತೆಂದು ಕನ್ನಡ ಬಾರದವನಂತೆ ಹೇಳಿದ್ದು ನಾನು ಹುಟ್ಟಿ ಬೆಳೆದ ಊರಿನ ಹಿಂದಿಯಲ್ಲಿ, ಎಲ್ಲೂ ತೊಡರಲಿಲ್ಲ. “ಮಾಫ್ ಕರ್ ದೀಜಿಯೇ.”

ಹೆಂಡತಿ ಅಣ್ಣನ ಕಾಲಿಗೆ ಬಿದ್ದು, ಇದಕ್ಕೆ ಪರಿಹಾರ ಮಾಡಿಸಿ ಎಂದು ಅಳತೊಡಗಿದಳು. ಸುಟ್ಟ ತೋಳಿಗೆ ಒದ್ದೆ ಬಟ್ಟೆ ಸುತ್ತಿಕೊಂಡ ಮಗನನ್ನೂ ಕರೆದುಕೊಂಡು ಅಣ್ಣ ಅವರನ್ನೆಲ್ಲ ಕೆಳಗಿಳಿಸಿದ. ನನ್ನನ್ನು ಆಸ್ಪತ್ರೆಗೆ ಒಯ್ದದ್ದು ಶೆಫ್. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹುಬ್ಬು ಒತ್ತಿಕೊಂಡು, ಆಂಬೊಡೆಗೂ ವಡೆಗೂ ಇರುವ ವ್ಯತ್ಯಾಸದಲ್ಲಿ ಇಷ್ಟೊಂದು ರಕ್ತ ಇದೆಯೇ ಎಂದು ಕೇಳುತ್ತಿದ್ದರು.

ಮರುದಿನ ಆ ಕುಟುಂಬ ನಮ್ಮ ಮನೆಗೇ ಬಂತು, ಮತ್ತೊಮ್ಮೆ ಶಾಂತಿ, ಮತ್ತೊಮ್ಮೆ ಊಟ. ನಾನು ಮೇಲಿನ ಕೋಣೆಯಲ್ಲಿ ಪ್ಲಾಸ್ಟರಿನ ಕೈ ಹೊತ್ತು, ಕೆಮ್ಮು ಬಂದರೆ ದಿಂಬು ಕಚ್ಚುತ್ತ ಕೂತಿದ್ದೆ. ಕೆಳಗೆ ಅತ್ತಿಗೆ ಆಂಬೊಡೆ ಕರಿಯುತ್ತಿದ್ದಳು. ಎಣ್ಣೆ ವಿಪರೀತ ಕಾದಿತ್ತು, ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಕೂಗಿ ಹೇಳುವಂತಿರಲಿಲ್ಲ, ನಾನು ಆ ಮನೆಯಲ್ಲಿ ಇರಲೇ ಇಲ್ಲವಲ್ಲ.

ಅವರು ಹೋದ ಮೇಲೆ ಅಣ್ಣ ಎಲೆ ಹಿಡಿದು ಮೇಲೆ ಬಂದ. ನನ್ನ ಎಡಗೈ ಎಲೆಯತ್ತ ಚಾಚಿದ್ದನ್ನು ಕಂಡು ಅದರ ಮೇಲೆ ಫಟ್ಟನೆ ಹೊಡೆದ. “ಎಡಗೈಲಿ ಉಣ್ತಾನಂತೆ, ಬೇವಾರ್ಸಿ!” ಸಾರನ್ನ ಕಲಸಿ, ದೊಡ್ಡ ತುತ್ತು ಮಾಡಿ, ನನ್ನ ಬಾಯಿಗೆ ತುರುಕಿದ. ಬಿಸಿಗೆ, ಒಡೆದ ತುಟಿಯ ಉರಿಗೆ ನನ್ನ ಕಣ್ಣಲ್ಲಿ ನೀರು ಬಂತು.

“ಅವ್ರ ಷಡ್ಡಕನ ಮನೆಯವ್ರೂ ಮುಂದಿನ್ ತಿಂಗ್ಳು ನಮ್ಮಲ್ಲಿಗೇ ಬರ್ತಾರಂತೆ” ಎಂದ, ಗೋಡೆ ನೋಡುತ್ತ. “ಅವ್ರಿದ್ದಷ್ಟು ದಿನಾನೂ ನೀನು ಕೆಳಗಿಳೀಬೇಡ.”

ಅನ್ನ ಕಲಸುತ್ತ ಕೇಳಿದ: “ಭಾಳ ನೋಯ್ತದೇನೋ?”

ನಾನು ಏನಾದರೂ ಹೇಳುವಷ್ಟರಲ್ಲಿ ಇನ್ನೊಂದು ತುತ್ತು ತುರುಕಿದ.