ಪೆಡಲಿನ ಮೇಲಿನ ಅರಿಶಿನ

ನಿನ್ನೆ ಮಧುಗಿರಿಯಲ್ಲಿ ನನ್ನ ಹಾಡಿನ ಕಾರ್ಯಕ್ರಮವಿತ್ತು. ಗಿಟಾರಿನ ಚೀಲದಿಂದ ಲೂಪ್ ಪೆಡಲ್ ತೆಗೆದರೆ, ಗುಂಡಿಯ ಮೇಲೆ ಹಳದಿ ಹೆಬ್ಬೆರಳಿನ ಗುರುತು ಇನ್ನೂ ಹಾಗೇ ಇದೆ. ಒರೆಸಿದರೆ ಹೋದೀತು. ಒರೆಸಿಲ್ಲ.

ಈ ಪೆಡಲ್ ಏನೆಂದು ಕೇಳುತ್ತೀರಾ? ಒಮ್ಮೆ ಒತ್ತಿ ಹಾಡಿ, ಮತ್ತೆ ಒತ್ತಿ. ಹಾಡಿದ್ದನ್ನೇ ಅದು ಸುತ್ತಿ ಸುತ್ತಿ ಹಾಡುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು. ಒಬ್ಬಳೇ ನಾಲ್ಕು ಜನ ಆಗಬಹುದು. ಚರ್ಚಾಸ್ಪರ್ಧೆಗಳಲ್ಲಿ ಬೆಳೆದ ನನಗೆ ಎದುರುತ್ತರ ಕೊಡದ ಮೂವರು ಸಿಕ್ಕಿದ್ದೇ ಹಬ್ಬ.

ಹೊಳವನಹಳ್ಳಿಯ ನಮ್ಮ ದೊಡ್ಡಮ್ಮ ಮದುವೆಮನೆಗಳಲ್ಲಿ ಸೋಬಾನೆ ಹಾಡುವವಳು. ಅವಳು ಒಂದು ಸಾಲು ಹೇಳಿದರೆ ಗೆಳತಿ ಪುಟ್ಟಕ್ಕ ಸೊಲ್ಲು ಹಿಡಿಯಬೇಕು, ಪ್ರತಿ ಸಾಲಿಗೂ ಅದೇ ಸೊಲ್ಲು. ಆ ಹೊತ್ತಿನಲ್ಲೇ ದೊಡ್ಡಮ್ಮ ಉಸಿರು ತೆಗೆದುಕೊಳ್ಳುವುದು. ಗಂಟಲಿನ ಆಪರೇಷನ್ ಆಗಿ ಪುಟ್ಟಕ್ಕನ ದನಿ ಹೋಯಿತು. ದೊಡ್ಡಮ್ಮನೂ ಹಾಡು ಬಿಟ್ಟಳು. ಅಷ್ಟರಲ್ಲಿ ಪುಟ್ಟಕ್ಕನ ಮೊಮ್ಮಗಳಿಗೇ ಮದುವೆ ಗೊತ್ತಾಯಿತು. ಹಾಡದಿದ್ದರೆ ಗೆಳತಿಯ ಮುಖ ನೋಡುವುದು ಹೇಗೆ? ಹಾಡಿದರೆ ಅವಳ ಜಾಗದಲ್ಲಿ ಕೂರಿಸುವುದು ಯಾರನ್ನು?

"ಇದನ್ನ ಕೂರಿಸು," ಎಂದು ಪೆಡಲ್ ತೋರಿಸಿದೆ.

"ನನ್ ದನಿ ನಂಗೇ ವಾಪಸ್ ಬಂದ್ರೆ ಅದೆಂಗೆ ಜೊತೆ ಆಯ್ತದೆ ಕಣಮ್ಮ?"

"ಪುಟ್ಟಕ್ಕ ಹೇಳ್ತಿದ್ದಿದ್ದೂ ಅದೇ ಸೊಲ್ಲು ತಾನೇ, ಪ್ರತಿ ಸಲ?"

ದೊಡ್ಡಮ್ಮ ಪೆಡಲನ್ನು ತಿರುಗಿಸಿ ಮುರುಗಿಸಿ ನೋಡಿದಳು. ಗೆದ್ದೆ ಅಂದುಕೊಂಡೆ. ಕಾಲಿನಿಂದ ಒತ್ತಿ ತೋರಿಸಿದಾಗ ಮಾತ್ರ ರೇಗಿದಳು: "ಲೇ, ಪದಾನ ಕಾಲಲ್ಲಿ ತುಳಿತೀಯೇನೇ? ತಗ್ದು ಮಣೆ ಮ್ಯಾಲಿಕ್ಕು!"

ಹಾಗೆ ಅರಿಶಿನ ಹಚ್ಚುವ ದಿನ ಪೆಡಲ್ ಮಣೆ ಏರಿತು. ಸೊಲ್ಲು ಹಾಡಿ, ಆಮೇಲೆ ಒಂದು ಸಾಲಿನಷ್ಟು ಹೊತ್ತು ಸುಮ್ಮನಿರು ಎಂದಿದ್ದೆ; ಆ ಖಾಲಿಯಲ್ಲಿ ಅವಳು ಸಾಲು ಹಾಡಲೆಂದು. ಸುಮ್ಮನಿರುವವಳೇ ಅವಳು? "ಎಣ್ಣೆ ಬಟ್ಲು ಎಲ್ಲಿಕ್ಕಿದ್ರೇ?" ಎಂದುಬಿಟ್ಟಳು. ಪೆಡಲ್ ಅದನ್ನೂ ಹಿಡಿಯಿತು. ಬಟ್ಟಲು ತಂದಿಟ್ಟ ಮೇಲೂ ಪ್ರತಿ ಸುತ್ತಿಗೂ ಕೇಳಿತು.

"ಕೊಡ್ರವ್ವ ಬಟ್ಲು, ಪಾಪ, ಡಬ್ಬಿ ಬಾಯಿ ಬಡ್ಕೊಂತೈತೆ!" ಎಂದು ಯಾರೋ ಕೂಗಿದರು; ಮದುಮಗಳೂ ಬಿದ್ದು ಬಿದ್ದು ನಕ್ಕಳು.

ನಗದಿದ್ದವಳು ದೊಡ್ಡಮ್ಮ. ಮಗಳು ಮನೆ ಬಿಟ್ಟು ಹೋಗುವ ಸಾಲಿಗೆ ಬಂದಾಗ ಅವಳು ಅರ್ಧದಲ್ಲೇ ಉಸಿರಿಗೆಂದು ನಿಂತಳು. ಪೆಡಲ್ ಕಾಯಲಿಲ್ಲ, ಸೊಲ್ಲು ಹೇಳಿತು. ಮತ್ತೆ ಶುರು ಮಾಡಿದಳು, ಮತ್ತೆ ಅದು ಅವಳ ಸಾಲಿನ ಮೇಲೆ ಬಿತ್ತು. ದೊಡ್ಡಮ್ಮ ಬಾಯಿ ಮುಚ್ಚಿದಳು.

ಆಗ ಪುಟ್ಟಕ್ಕ ಎದ್ದು ಬಂದು, ಅರಿಶಿನದ ಕೈಯಲ್ಲೇ ಗುಂಡಿ ಅದುಮಿ ನಿಲ್ಲಿಸಿದಳು. ಪಕ್ಕದಲ್ಲಿ ಕೂತು ದೊಡ್ಡಮ್ಮನ ಮಂಡಿಯ ಮೇಲೆ ಕೈಯಿಟ್ಟಳು. ದೊಡ್ಡಮ್ಮ ಸಾಲು ಹಾಡಿದಳು. ಸೊಲ್ಲಿನ ಜಾಗದಲ್ಲಿ ಪುಟ್ಟಕ್ಕನ ತುಟಿ ಅಲ್ಲಾಡಿತು, ಕೈ ತಟ್ಟಿತು, ಅಷ್ಟೇ. ಯಾರೂ ನಡುವೆ ದನಿಗೂಡಿಸಲಿಲ್ಲ. ಆ ಕೈ ನಿಂತ ಮೇಲೆ ಮುಂದಿನ ಸಾಲು.

ಖಾಲಿಯನ್ನೂ ಪೆಡಲಿನಲ್ಲಿ ಹಿಡಿದಿಡಬಹುದಲ್ಲ ಎಂದು ನನ್ನೊಳಗಿನ ವಾದಗಾರ್ತಿ ತಕ್ಷಣ ಎದ್ದಳು. ಹಿಡಿದಿಡಬಹುದು. ಅದು ಪ್ರತಿ ಸಲವೂ ಅಷ್ಟೇ ಉದ್ದ ಇರುತ್ತದೆ. ಪುಟ್ಟಕ್ಕನದು ದೊಡ್ಡಮ್ಮನ ಉಸಿರಿನಷ್ಟು ಉದ್ದ.

ನಿನ್ನೆ ನಾಲ್ಕು ಪದರ ಕಟ್ಟಿ ಹಾಡುತ್ತಿದ್ದಾಗ ನನಗೂ ಒಂದು ಸಾಲಿನಲ್ಲಿ ಉಸಿರು ಸಾಲಲಿಲ್ಲ. ಪೆಡಲ್ ತನ್ನ ಪಾಡಿಗೆ ಹೋಗುತ್ತಿತ್ತು. ಬಗ್ಗಿ, ಹಳದಿ ಗುರುತಿಗೆ ಬೆರಳು ತಾಗದ ಹಾಗೆ ಗುಂಡಿಯ ಅಂಚನ್ನು ಒತ್ತಿ ನಿಲ್ಲಿಸಿದೆ. ಉಸಿರು ಬರುವವರೆಗೆ ಕಾದೆ.